ತಂತಿಬೇಲಿಯ ನೆಲನೆಲ್ಲಿ

ಕಾಮಾಲೆಗೆ ಮದ್ದು ಕೊಡುವ ಅಜ್ಜಿ ನನ್ನನ್ನು ಎರಡನೇ ಸಲವೂ ಬರಿಗೈಯಲ್ಲಿ ವಾಪಸ್ ಕಳಿಸಿದ ದಿನ, ತಿರುಮಣಿಯ ಬಸ್‌ಸ್ಟಾಪಿನ ಕಟ್ಟೆಯ ಮೇಲೆ ಕೂತು ನಾನು ಹಲ್ಲು ಕಡಿಯುತ್ತಿದ್ದೆ. ಬಸ್ಸು ಬರಲು ಇನ್ನೂ ಮುಕ್ಕಾಲು ಗಂಟೆ ಇತ್ತು. ಸುಮ್ಮನೆ ಕೂರುವುದು ನನ್ನ ಜಾಯಮಾನಕ್ಕೆ ಒಗ್ಗಿದ್ದಲ್ಲ. ಎದ್ದೆ, ರಸ್ತೆಯ ಆ ಕಡೆ ಹೋದೆ, ಈ ಕಡೆ ಬಂದೆ, ಬ್ಯಾಗಿನಿಂದ ರಿಜಿಸ್ಟರು ತೆಗೆದು ಅದೇ ಖಾಲಿ ಪುಟವನ್ನು ಮತ್ತೊಮ್ಮೆ ನೋಡಿದೆ. ನೋಡಿದರೆ ತುಂಬುತ್ತದೆಯೇ?

ಆ ವರ್ಷ ಆ ರಿಜಿಸ್ಟರೇ ನನ್ನ ಹೊಟ್ಟೆಪಾಡು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಕೆಲವು ಪಂಚಾಯ್ತಿಗಳಿಗೆ ಹೋಗಿ ಅಲ್ಲಿನ ಮದ್ದಿನ ಗಿಡಗಳ ವಿವರವನ್ನು, ಬಳಸುವವರ ಬಾಯಿಂದಲೇ ಕೇಳಿ ಬರೆದುಕೊಳ್ಳಬೇಕಿತ್ತು. ಗಿಡದ ಹೆಸರು, ಬಳಸುವ ಭಾಗ, ತಯಾರಿಸುವ ಕ್ರಮ, ಮಾಹಿತಿ ಕೊಟ್ಟವರ ಸಹಿ ಅಥವಾ ಹೆಬ್ಬೆಟ್ಟು, ಇಷ್ಟು ಕಾಲಂ. ಜೊತೆಗೆ ಹೂವು ಕಾಯಿ ಎರಡೂ ಇರುವ ಒಂದು ಮಾದರಿ ಗಿಡವನ್ನು ಕಿತ್ತು, ಒತ್ತಿ, ಒಣಗಿಸಿ ಹಾಳೆಗೆ ಅಂಟಿಸಬೇಕು. ಗಿಡಗಳ ಬಗ್ಗೆ ಓದಿದವಳು ನಾನು. ಓದಿದ್ದೇನೆ ಎನ್ನುವ ಜಂಬವೂ ಇತ್ತು ಅಂತ ಈಗ ಒಪ್ಪಿಕೊಳ್ಳುತ್ತೇನೆ.

ಖಾಲಿ ಪುಟ ನೆಲನೆಲ್ಲಿಯದು. ಗೇಣುದ್ದದ ಗಿಡ, ಹೊಲದವರಿಗೆ ಬರೀ ಕಳೆ. ಹುಣಸೆ ಎಲೆಯಂಥ ಎಲೆ, ಅದರ ಅಡಿಯಲ್ಲಿ ಸಾಲಾಗಿ ಸಾಸಿವೆಗಿಂತ ಒಂಚೂರು ದಪ್ಪದ ಕಾಯಿ. ಮೂರು ತಾಲ್ಲೂಕಿನ ಪುಟಗಳು ಆಗಲೇ ತುಂಬಿದ್ದವು. ಮಧುಗಿರಿಯ ಪುರವರದ ಹತ್ತಿರ ಒಬ್ಬಾಕೆ ಅದನ್ನು ಉಪ್ಪಿನ ಜೊತೆ ಅರೆದು ಕಜ್ಜಿಗೆ ಹಚ್ಚುವುದನ್ನು ತೋರಿಸಿದ್ದರು. ಶಿರಾದಲ್ಲಿ ನಾರುಬೇರು ಮಾರುವ ಗ್ರಂಧಿಗೆ ಅಂಗಡಿಯ ಸಾಹೇಬರು, ಒಣಗಿದ ಗಿಡದ ಕಷಾಯ ಉರಿಮೂತ್ರಕ್ಕೆ "ಏಕ್‌ದಮ್ ಆರಾಮ್ ಮಾಡ್ತದೆ ನೋಡಿ" ಎಂದಿದ್ದರು. ಕೊರಟಗೆರೆಯ ಕಡೆ ಪೂಜಾರಪ್ಪನೊಬ್ಬ ಕಾಮಾಲೆಯ ಕ್ರಮ ಬರೆಸಿದ್ದ: ಬೇರು ಸಮೇತ ನುಣ್ಣಗೆ ಅರೆದು, ಅಡಿಕೆ ಗಾತ್ರದ ಉಂಡೆಯನ್ನು ಮಜ್ಜಿಗೆಯಲ್ಲಿ ಕದಡಿ, ಭಾನುವಾರದಿಂದ ಮೂರು ಬೆಳಿಗ್ಗೆ ಬರೀಹೊಟ್ಟೆಗೆ, ಉಪ್ಪು, ಎಣ್ಣೆ, ಹುಳಿ ಬಿಟ್ಟು ಪಥ್ಯ.

ಪಾವಗಡದಲ್ಲಿ ಮಾತ್ರ ಯಾರನ್ನು ಕೇಳಿದರೂ ಇದೇ ಅಜ್ಜಿಯ ಹೆಸರು ಹೇಳುತ್ತಿದ್ದರು. ತಿರುಮಣಿಯಿಂದ ಒಳಗೆ, ಕುರಿ ಮೇಕೆ ಸಾಕುವವರ ಒಂದು ಹಟ್ಟಿಯಲ್ಲಿ ಅವಳ ಮನೆ. ಕಾಮಾಲೆ ಮದ್ದಿಗೆ ಆಂಧ್ರದ ಕಡೆಯಿಂದಲೂ ಜನ ಅವಳ ಬಾಗಿಲಿಗೆ ಬರುತ್ತಾರೆ. ನಾನೂ ಹೋದೆ. ಎರಡು ಸಲವೂ ಅವಳು ಹೇಳಿದ್ದು ಒಂದೇ ಮಾತು.

"ಗಿಡ ಕೈನಾಗಿಲ್ದೆ ಮದ್ದಿನ ಮಾತಾಡ್ಬಾರ್ದು ಪಾಪಾ. ಮಳೆ ಬರ್ಲಿ, ಗಿಡ ಏಳ್ಲಿ, ಆಮ್ಯಾಕೆ ಬಾ."

ಮಳೆ ಮಧುಗಿರಿಯವರೆಗೆ ಬಂದು ಅಲ್ಲೇ ನಿಂತುಬಿಟ್ಟಿತ್ತು. ಪಾವಗಡದ ನೆಲದಲ್ಲಿ ಒಂದು ನೆಲನೆಲ್ಲಿಯೂ ಎದ್ದಿರಲಿಲ್ಲ. "ಬೇರೆ ಊರಿಂದ ತರಲಾ ಅಜ್ಜಿ?" ಎಂದರೆ, "ಈ ನೆಲದ್ದೇ ಬೇಕು" ಎಂದಳು. ಕೊನೆಗೆ ನನ್ನ ಮುಖ ನೋಡಿ ಪಾಪ ಅನ್ನಿಸಿತೋ ಏನೋ, ಗಿಡ ಕೀಳುವ ಕ್ರಮವನ್ನಷ್ಟೇ ಹೇಳಿದಳು. ಅದು ಮದ್ದಿನ ಮಾತಲ್ಲ, ಕೀಳುವವರ ನಡತೆ, ಹೇಳಬಹುದಂತೆ. ಹೊತ್ತು ಆಳೆತ್ತರ ಏರಿದ ಮೇಲೆ ಹೋಗಬೇಕು. ಗಿಡದ ಮೇಲೆ ನಮ್ಮ ನೆರಳಾಗಲಿ, ಮರದ ನೆರಳಾಗಲಿ, ಮೇಕೆಯ ನೆರಳಾಗಲಿ ಬೀಳಬಾರದು. ಕಿತ್ತ ಒಂದೊಂದು ಗಿಡವನ್ನೂ ಬೇರಿನಿಂದ ತುದಿಯವರೆಗೆ ಬಿಸಿಲಿಗೆ ಹಿಡಿದು ನೋಡಿ, ಆಮೇಲೆ ಬಟ್ಟೆಗೆ ಹಾಕಬೇಕು. ನಾನು ಅದನ್ನು ಬರೆದುಕೊಂಡು, ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ 'ಮೂಢನಂಬಿಕೆ' ಎಂದು ಗೀಚಿದೆ.

ತಿಂಗಳ ಕೊನೆಗೆ ರಿಜಿಸ್ಟರು ಒಪ್ಪಿಸಬೇಕಿತ್ತು. ಕಚೇರಿಯಿಂದ ದಿನಕ್ಕೆರಡು ಫೋನು. ಮಧುಗಿರಿಯ ಬಾಡಿಗೆ ರೂಮಿನಲ್ಲಿ ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಒಂದು ಶುಕ್ರವಾರ ಬೆಳಿಗ್ಗೆ, ಗಿಡ ಇರಲಿ ಬಿಡಲಿ, ಅಜ್ಜಿಯ ಕಾಲು ಹಿಡಿದಾದರೂ ಬರೆಸಿಕೊಂಡು ಬರುತ್ತೇನೆಂದು ಮೊದಲ ಬಸ್ಸು ಹತ್ತಿದೆ.

ಬಸ್ಸಿಳಿದು ಹಟ್ಟಿಗೆ ನಡೆಯುವ ದಾರಿ ಸೋಲಾರ್ ಪ್ಯಾನೆಲ್ಲುಗಳ ತಂತಿಬೇಲಿಯ ಪಕ್ಕದಲ್ಲೇ ಹೋಗುತ್ತದೆ. ಗುತ್ತಿಗೆಗೆ ಕೊಟ್ಟ ಹೊಲಗಳು, ಕಣ್ಣು ಹಾಯುವಷ್ಟು ದೂರ ಪ್ಯಾನೆಲ್ಲು. ಟ್ಯಾಂಕರಿನಲ್ಲಿ ನೀರು ತಂದು ಅವುಗಳ ಧೂಳು ತೊಳೆಯುತ್ತಾರೆ. ತೊಳೆದ ನೀರು ಕೆಳಗಿನ ಅಂಚಿನಿಂದ ನೆಲಕ್ಕೆ ತೊಟ್ಟಿಕ್ಕುತ್ತದೆ. ಸುತ್ತ ಮುತ್ತ ನೆಲವೆಲ್ಲ ಒಣಗಿ ಬಿರುಕು ಬಿಟ್ಟಿರುವಾಗ ಬೇಲಿಗೆ ಹತ್ತಿರದ ಒಂದು ಸಾಲಿನ ಕೆಳಗೆ ಹಸಿರು ಕಂಡಿತು. ಬಗ್ಗಿ ನೋಡಿದೆ. ನೆಲನೆಲ್ಲಿ! ಪೊದೆ ಪೊದೆಯಾಗಿ ನೆಲನೆಲ್ಲಿ!

ನನಗಾದ ಖುಷಿ ಹೇಳತೀರದು. ರಸ್ತೆಯಲ್ಲೇ ಬೋರಲು ಮಲಗಿ, ಬೇಲಿಯ ಕೆಳಗೆ ತೋಳು ತೂರಿಸಿ, ಪ್ಯಾನೆಲ್ಲಿನ ನೆರಳಲ್ಲಿ ತಡಕಿ ತಡಕಿ ಒಂದೊಂದನ್ನೇ ಬೇರು ಸಮೇತ ಕಿತ್ತೆ. ಇರುವೆ ಕಚ್ಚಿದ್ದೂ ಗೊತ್ತಾಗಲಿಲ್ಲ. ಅಲ್ಲಲ್ಲಿ ಹುಲ್ಲು ಕಂದು ಬಣ್ಣಕ್ಕೆ ತಿರುಗಿತ್ತು. ಮಳೆಯಿಲ್ಲವಲ್ಲ, ಒಣಗಿದೆ ಅಂದುಕೊಂಡೆ. ನೀರು ಬೀಳುವ ಜಾಗದಲ್ಲಿ ಹುಲ್ಲು ಯಾಕೆ ಒಣಗೀತು ಎಂದು ಯೋಚಿಸುವಷ್ಟು ವ್ಯವಧಾನ ನನಗೆಲ್ಲಿ? ಮೂರು ಗಿಡಗಳನ್ನು ಅಲ್ಲೇ ಪೇಪರಿನ ನಡುವೆ ಹರಡಿ, ಎರಡು ಹಲಗೆಗಳ ಮಧ್ಯೆ ಇಟ್ಟು, ಬೆಲ್ಟಿನಿಂದ ಬಿಗಿದೆ. ಉಳಿದದ್ದನ್ನು ಟವೆಲಿನಲ್ಲಿ ಸುತ್ತಿಕೊಂಡು ಹಟ್ಟಿಗೆ ಓಡುನಡಿಗೆಯಲ್ಲಿ ಹೋದೆ.

ಅಜ್ಜಿಯ ಅಂಗಳದಲ್ಲಿ ಇಬ್ಬರು ಕೂತಿದ್ದರು, ತಾಯಿ ಮತ್ತು ಮಗ. ಬಲಸಮುದ್ರದವರು, ಮಗ ಅಲ್ಲಿ ಟೈಲರ್ ಎಂದು ಆಮೇಲೆ ತಿಳಿಯಿತು. ಮೂವತ್ತರ ಆಸುಪಾಸಿನವನು. ಅವನ ಕಣ್ಣಿಗೆ ಅರಿಶಿನ ಕದಡಿದ ಹಾಗಿತ್ತು. ಮೊಣಕೈಯನ್ನು ರಕ್ತ ಬರುವಂತೆ ಕೆರೆದುಕೊಳ್ಳುತ್ತಿದ್ದ. ಅಜ್ಜಿ ಅವರಿಗೆ ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸಿದ್ದಳು. ಏನು ಹೇಳಿದಳೆಂದು ನನಗೆ ಗೊತ್ತಿರಲಿಲ್ಲ, ಕೇಳಲೂ ಇಲ್ಲ. ನಾನು ಟವೆಲು ಬಿಚ್ಚಿ ಅವಳ ಮುಂದೆ ಹಿಡಿದೆ.

"ಎಲ್ಲಿ ಕಿತ್ತೆ?"

"ಬೇಲಿ ಪಕ್ಕ ಅಜ್ಜಿ. ಇದೇ ನೆಲದ್ದು."

"ಪ್ಯಾನೆಲ್ ನೆಳ್ಳಾಗಾ?"

"ಹೂಂ."

"ಬಿಸ್ಲಿಗೆ ಹಿಡ್ದು ನೋಡ್ದಾ?"

"ನೋಡಿದೆ" ಎಂದೆ. ನೋಡಿರಲಿಲ್ಲ.

ಅಜ್ಜಿ ಕೈ ಚಾಚಲಿಲ್ಲ. "ನಂಗೆ ಬ್ಯಾಡ. ನೆಳ್ಳಾಗಿಂದು ನಾ ಮುಟ್ಟಾಕಿಲ್ಲ" ಎಂದಳು. ಎಲೆ ತಿರುಗಿಸಿ ಕಾಯಿಯ ಸಾಲು ತೋರಿಸಿದೆ. ದಂಟು ಕೆಂಪಾಗಿದ್ದು ಕಾಯಿ ಒರಟಾಗಿದ್ದರೆ ಅದು ಬೇರೆ ಜಾತಿ, ಇದು ಖಂಡಿತ ಅದಲ್ಲ, ಎಂದು ಪಾಠ ಮಾಡಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ನಿನ್ ಪುಸ್ತಕಕ್ಕೆ ಅದೇ ಗಿಡ ಇರ್ಬೋದು ಕಣಮ್ಮ. ನನ್ ಮದ್ದಿಗೆ ಅಲ್ಲ."

ಮೈಯೆಲ್ಲ ಉರಿದುಹೋಯಿತು. ಟವೆಲು ಸುತ್ತಿಕೊಂಡು ಹೊರಟುಬಿಟ್ಟೆ. ಹಟ್ಟಿ ದಾಟಿ ಜಾಲಿಮರದ ಹತ್ತಿರ ಬರುವಷ್ಟರಲ್ಲಿ ಆ ತಾಯಿ ಏದುಸಿರು ಬಿಡುತ್ತ ಹಿಂದೆ ಬಂದರು.

"ಮೇಡಮ್ಮಾ, ಒಸಿ ನಿಂತ್ಕಾ. ಅವ್ವ ಬ್ಯಾಡ ಅಂದ್ರೆ ಬುಡ್ಲಿ, ಆ ಸೊಪ್ಪು ನಂಗಾದ್ರೂ ಕೊಟ್ಬುಡಮ್ಮಾ. ನೀನು ಓದ್ದೋಳು, ಹೆಂಗೆ ಕುಡಿಸ್ಬೇಕು ಅಂತ ನಿಂಗೂ ಗೊತ್ತಿರ್ತದಲ್ಲಾ."

ಕೊಡಬಾರದಿತ್ತು. ನಾನು ಬರೆದುಕೊಳ್ಳುವವಳು, ಕೊಡುವವಳಲ್ಲ. ಆದರೆ ಆಗ ನನ್ನೊಳಗೆ ಇದ್ದದ್ದು ಕರುಣೆಯೂ ಅಲ್ಲ, ವಿವೇಕವೂ ಅಲ್ಲ, ಅಜ್ಜಿಯ ಮೇಲಿನ ಸಿಟ್ಟು. ಟವೆಲು ಸಮೇತ ಕೊಟ್ಟೆ. ಕೊರಟಗೆರೆಯ ಪೂಜಾರಪ್ಪ ಬರೆಸಿದ್ದನ್ನು ಗಿಣಿಯ ಹಾಗೆ ಒಪ್ಪಿಸಿದೆ: ಅಡಿಕೆ ಗಾತ್ರ, ಮಜ್ಜಿಗೆ, ಭಾನುವಾರ ಬೆಳಿಗ್ಗೆಯಿಂದ ಶುರು. "ಆಸ್ಪತ್ರೆಗೂ ತೋರಿಸಿ" ಎಂದೆ. "ತೋರುಸ್ತೀವಮ್ಮಾ" ಎಂದರು. ನನ್ನ ಕರ್ತವ್ಯ ಮುಗಿಯಿತು ಅಂದುಕೊಂಡೆ. ಬಸ್ಸಿನಲ್ಲಿ ಕೂತಾಗ, ಅಜ್ಜಿಗೆ ಸರಿಯಾಗಿ ಬುದ್ಧಿ ಕಲಿಸಿದೆ ಎಂಬ ಸಮಾಧಾನವೂ ಇತ್ತು.

ಒತ್ತಿಟ್ಟ ಗಿಡಕ್ಕೆ ಮೊದಲ ಮೂರು ದಿನ ದಿನಾ ಪೇಪರು ಬದಲಿಸಬೇಕು, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಶನಿವಾರ ಬೆಳಿಗ್ಗೆ ಶಿರಾಕ್ಕೆ ಹೊರಡಲು ಬ್ಯಾಗು ಹೆಗಲಿಗೇರಿಸಿದವಳು, ಅದೊಂದು ಕೆಲಸ ಮುಗಿಸಿಬಿಡೋಣವೆಂದು ಬೆಲ್ಟು ಸಡಿಲಿಸಿದೆ. ಒದ್ದೆ ಪೇಪರು ಎತ್ತಿದೆ. ಮೊದಲ ಗಿಡದ ತುದಿ ಕೊಕ್ಕೆಯಂತೆ ಬಾಗಿತ್ತು. ನಾನೇ ಸರಿಯಾಗಿ ಹರಡಿಲ್ಲ ಅಂದುಕೊಂಡು ಎರಡನೆಯದನ್ನು ತೆಗೆದೆ. ಅದರದ್ದೂ ಹಾಗೇ. ಮೂರನೆಯದರ ದಂಟು ಹುರಿ ಹೊಸೆದ ಹಾಗೆ ತಿರುಚಿಕೊಂಡಿತ್ತು. ಚಿಗುರೆಲೆಗಳು ಬಟ್ಟಲಿನಂತೆ ಮಡಿಚಿ ಅಂಚಿನಲ್ಲಿ ಬಿಳಿಚಿದ್ದವು.

ಕಿಟಕಿಗೆ ಒಯ್ದು ಬಿಸಿಲಿಗೆ ಹಿಡಿದೆ. ಭೂತಗನ್ನಡಿ ಬೇಕಾಗಲಿಲ್ಲ. ರೋಗವಾಗಿದ್ದರೆ ಒಂದೊಂದು ಗಿಡ ಒಂದೊಂದು ಥರ ಇರುತ್ತದೆ, ಮೂರೂ ಹೀಗೆ ಒಂದೇ ರೀತಿ ಹೊಸೆದುಕೊಳ್ಳುವುದಿಲ್ಲ. ಬೇಲಿಯೊಳಗಿನ ಕಂದು ಹುಲ್ಲು ನೆನಪಿಗೆ ಬಂತು. ತಿರುಮಣಿ ಕಡೆಯ ವಾಟರ್‌ಮ್ಯಾನ್ ಒಬ್ಬರ ನಂಬರಿತ್ತು, ಮೊದಲ ಸಲ ಹಟ್ಟಿಯ ದಾರಿ ತೋರಿಸಿದ್ದವರು. ಫೋನು ಮಾಡಿ, ಬೇಲಿ ಪಕ್ಕದ ಪ್ಯಾನೆಲ್ ಸಾಲಿಗೆ ಏನಾದರೂ ಹೊಡೆದಿದ್ದಾರಾ ಎಂದು ಕೇಳಿದೆ.

"ಆ ಸಾಲಿಗಾ? ಬುಧವಾರ ಸಂಜೆ ಕಳೆನಾಶಕ ಹೊಡೆದವ್ರೆ ಕಣಕ್ಕಾ. ಹುಲ್ಲು ಬೆಳೆದು ಪ್ಯಾನೆಲ್‌ಗೆ ಅಡ್ಡ ಬತ್ತದಲ್ಲ. ಗೇಟ್ತಾವ ಬೋರ್ಡ್ ತಗಲಾಕಿದ್ರಲ್ಲ, ನೋಡ್ಲಿಲ್ವಾ?"

ಗೇಟಿನ ಕಡೆಯಿಂದ ಹೋಗಿದ್ದರೆ ತಾನೆ ನೋಡುವುದು! ಕಳ್ಳಿಯ ಹಾಗೆ ಬೇಲಿಯ ಅಡಿ ಕೈ ಹಾಕಿದವಳಿಗೆ ಬೋರ್ಡೆಲ್ಲಿ ಕಾಣಬೇಕು?

ನಾಳೆ ಭಾನುವಾರ. ನಾಳೆ ಬೆಳಿಗ್ಗೆ ಆ ಮಗನ ಬರೀಹೊಟ್ಟೆಗೆ ಅದು ಹೋಗುತ್ತದೆ. ಮೊದಲೇ ಸೋತ ಲಿವರು. ಅವರ ಹೆಸರು ನನಗೆ ಗೊತ್ತಿರಲಿಲ್ಲ, ನಂಬರು ಇರಲಿಲ್ಲ. ವಾಟರ್‌ಮ್ಯಾನ್ ಅವರಿಗೇ, "ಅಂಗಳದಲ್ಲಿ ನಿನ್ನೆ ಇದ್ದ ತಾಯಿ ಮಗ ಯಾರು, ಅಜ್ಜಿಯನ್ನು ಕೇಳಿ ಹೇಳಿ" ಎಂದೆ. ಹತ್ತು ನಿಮಿಷ, ಇಪ್ಪತ್ತು ನಿಮಿಷ. ರೂಮಿನಲ್ಲಿ ಈ ಗೋಡೆಯಿಂದ ಆ ಗೋಡೆಗೆ ನಡೆದೆ. ನೀರು ಕುಡಿಯಲು ಲೋಟ ಎತ್ತಿ, ಕುಡಿಯದೆ ಕೆಳಗಿಟ್ಟೆ. ಕೊನೆಗೆ ಅವರ ಫೋನು ಬಂತು: ಬಲಸಮುದ್ರ, ಟೈಲರ್. "ನಾನೇ ಯಾರ ಕೈಲಾದ್ರೂ ಹೇಳಿ ಕಳುಸ್ಲಾ ಅಕ್ಕಾ? ಏನಂತ ಹೇಳ್ಲಿ?"

ಏನಂತ ಹೇಳಬೇಕು? ಆ ಸೊಪ್ಪು ಬಿಸಾಕಿ, ಬೇರೆ ಒಳ್ಳೆಯದು ಕೊಡ್ತಾರಂತೆ, ಎಂದು ಹೇಳಿಸಿದ್ದರೆ ಸಾಕಿತ್ತು. ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ನನ್ನ ಕೆಲಸವೂ ಉಳಿಯುತ್ತಿತ್ತು. ಆ ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಹೇಳಿ ಕಳಿಸಿದ ಮಾತು ತಲುಪದಿದ್ದರೆ? ತಲುಪಿದರೂ, ಸುಮ್ಮನೆ ಬಿಸಾಕಿ ಅಂದರೆ ಆ ತಾಯಿ ಬಿಸಾಕುತ್ತಾರೆಯೇ? ಅಜ್ಜಿ ಬೇಡ ಅಂದದ್ದನ್ನೇ ಹಿಂದೆ ಓಡಿ ಬಂದು ಇಸಿದುಕೊಂಡವರು. "ಕುಡಿಸಬಾರದು ಅಂತ ಈಗಲೇ ಹೇಳಿ ಕಳಿಸಿ, ಹಿಂದೆಯೇ ನಾನೂ ಬರ್ತೀನಿ" ಎಂದು ಹೇಳಿ, ತಿರುಚಿದ ಗಿಡಗಳಿದ್ದ ಹಲಗೆಯನ್ನು ಹಾಗೇ ಕಂಕುಳಲ್ಲಿ ಇಟ್ಟುಕೊಂಡು ಪಾವಗಡದ ಬಸ್ಸು ಹತ್ತಿದೆ.

ಆ ಬಸ್ಸಿನಷ್ಟು ನಿಧಾನದ ಬಸ್ಸನ್ನು ನಾನು ಹತ್ತಿಲ್ಲ. ಕೈ ಅಡ್ಡ ಹಿಡಿದವರಿಗೆಲ್ಲ ನಿಲ್ಲಿಸಿದರು. ಒಂದು ಕಡೆ ಡ್ರೈವರು ಇಳಿದು ಟೀ ಕುಡಿದರು. ಕಂಡಕ್ಟರನ್ನು ಮೂರು ಸಲ "ಇನ್ನೆಷ್ಟೊತ್ತು?" ಎಂದು ಕೇಳಿದ್ದಕ್ಕೆ ಅವರು, "ಹೆರಿಗೆಗೇನಾದ್ರೂ ಹೊಂಟಿದ್ದೀರೇನಮ್ಮಾ?" ಎಂದರು. ಜನ ನಕ್ಕರು.

ಬಲಸಮುದ್ರ ತಲುಪಿದಾಗ ಮಧ್ಯಾಹ್ನವಾಗಿತ್ತು. ಟೈಲರ್ ಅಂಗಡಿಗೆ ಬೀಗ. ಪಕ್ಕದ ಅಂಗಡಿಯವರು ಮನೆ ತೋರಿಸಿದರು. ಹೇಳಿ ಕಳಿಸಿದ ಮಾತು ಇನ್ನೂ ತಲುಪಿರಲಿಲ್ಲ. ಅಂಗಳದ ಒರಳುಕಲ್ಲಿನ ಮೇಲೆ ಹಸಿರು ಬಣ್ಣ ಮೆತ್ತಿತ್ತು. ತಾಯಿ ನನ್ನನ್ನು ನೋಡಿದ್ದೇ, "ಅಯ್ಯೋ ಮೇಡಮ್ಮಾ, ನೀವೇ ಬಂದ್ಬುಟ್ರಾ! ಕುಂತ್ಕಳ್ರಿ" ಎಂದು ಚಾಪೆ ಹಾಸಲು ಹೋದರು.

"ಕುಡಿಸಿಬಿಟ್ರಾ?"

"ಇಲ್ಲಮ್ಮಾ, ನಾಳೀಕೆ ಅಂತ ಅರೆದಿಕ್ಕಿವ್ನಿ" ಎಂದು ತಟ್ಟೆ ಮುಚ್ಚಿದ್ದ ಬಟ್ಟಲು ತೋರಿಸಿದರು. ಗೋಡೆಗೆ ಒರಗಿ ಕೂತುಬಿಟ್ಟೆ. ಆಗ ಒಳಗಿನಿಂದ ನರಳಾಟ ಕೇಳಿಸಿತು. ಮಗ ಎರಡು ಕಂಬಳಿ ಹೊದ್ದು ಮಲಗಿ ಗಡಗಡ ನಡುಗುತ್ತಿದ್ದ. ಹಣೆ ಸುಡುತ್ತಿತ್ತು. ಬಲಪಕ್ಕೆಯ ಕೆಳಗೆ ಮುಟ್ಟಲೂ ಬಿಡಲಿಲ್ಲ.

"ಆಸ್ಪತ್ರೆಗೆ ಯಾಕೆ ಹೋಗಲಿಲ್ಲ?" ಎಂದೆ. ಧ್ವನಿ ಜೋರಾಗಿಯೇ ಬಂತು.

"ನಿನ್ನೇನೇ ಓಗ್ಬೇಕಿತ್ತಮ್ಮಾ. ಇದು ನನ್ ಮದ್ದಿಗೆ ಬಗ್ಗಾಕಿಲ್ಲ, ಈವತ್ತೇ ಆಸ್ಪತ್ರೆಗೆ ಕರ್ಕಂಡೋಗು ಅಂತ ಅವ್ವ ಹೇಳಿದ್ಲು. ಆಟೋಕೂ ಹೇಳಿದ್ವಿ. ಆಮ್ಯಾಕೆ ನೀವು ಸೊಪ್ಪು ಕೊಟ್ರಲ್ಲಾ, ಓದ್ದೋರೇ ಕೊಟ್ಟವ್ರೆ, ಮೂರು ದಿನ ನೋಡಾನ ಅಂತ ಆಟೋನ ಬ್ಯಾಡ ಅಂದ್ಬುಟ್ವಿ."

ಕಳೆನಾಶಕದ ಬಗ್ಗೆಯಷ್ಟೇ ಹೆದರಿ ಬಂದಿದ್ದೆ ನಾನು. ಅದಕ್ಕಿಂತ ದೊಡ್ಡ ಅನಾಹುತ ನಿನ್ನೆಯೇ ಆಗಿಹೋಗಿತ್ತು. ನಾನು ಬರೀ ಗಿಡವನ್ನಷ್ಟೇ ಕೊಟ್ಟಿರಲಿಲ್ಲ, ಅವನು ಆಸ್ಪತ್ರೆಗೆ ಹೋಗುವುದನ್ನೂ ತಪ್ಪಿಸಿದ್ದೆ.

ನಿಂತಲ್ಲೇ ಎಲ್ಲ ಹೇಳಿದೆ. ಗಿಡ ಎಲ್ಲಿ ಕಿತ್ತೆ, ಅದಕ್ಕೆ ಏನು ಹೊಡೆದಿದ್ದರು, ಬಿಸಿಲಿಗೆ ಹಿಡಿದು ನೋಡದೆಯೇ ನೋಡಿದೆ ಎಂದು ಅಜ್ಜಿಗೆ ಸುಳ್ಳು ಹೇಳಿದ್ದು, ಎಲ್ಲ. ಹಲಗೆ ಬಿಚ್ಚಿ ಗಿಡಗಳನ್ನು ತೋರಿಸಿದೆ. ತಾಯಿ ಒಂದು ಗಳಿಗೆ ಗಿಡವನ್ನೇ ನೋಡಿದರು. ಬಟ್ಟಲನ್ನು ಎತ್ತಿ ಅಂಗಳಕ್ಕೆ ಬಿಸುಟರು. ಕೋಳಿಯೊಂದು ಓಡಿ ಬಂತು, ನಾನು ಕಾಲಿನಿಂದ ಅದನ್ನು ಓಡಿಸಿ, ಅಲ್ಲಿನ ಮಣ್ಣು ಕೆರೆದು ಹೂತೆ.

"ಏಮಮ್ಮಾ, ಗೊತ್ತಿಲ್ದೋರು ನಾವು, ನೀವೂ ಇಂಗೆ ಮಾಡಿದ್ರೆ?" ಎಂದರು ತಾಯಿ. ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಹಗುರಾಗುತ್ತಿತ್ತು.

ಆಟೋ ಬಂತು. ನಾನೂ ಹತ್ತಿದೆ; ಬೇಡವೆಂದು ಯಾರೂ ಹೇಳಲಿಲ್ಲ. ಪಾವಗಡದಲ್ಲಿ ಡಾಕ್ಟರು ಕಣ್ಣು, ಹೊಟ್ಟೆ ನೋಡಿ, ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡು ಸೋಂಕಾಗಿರಬೇಕು, ತಕ್ಷಣ ತುಮಕೂರಿಗೆ ಹೊರಡಿ, ಎಂದು ಚೀಟಿ ಬರೆಯತೊಡಗಿದರು. ಬರೆಯುತ್ತಲೇ ತಲೆಯೆತ್ತದೆ, "ಇಷ್ಟು ಹಳದಿಯಾಗೋವರೆಗೆ ಏನು ಮಾಡ್ತಿದ್ರಿ? ನಿನ್ನೆಯಾದರೂ ಬರೋದಲ್ವಾ?" ಎಂದು ಗದರಿದರು. ತಾಯಿ ನನ್ನತ್ತ ನೋಡಿ ತಲೆ ತಗ್ಗಿಸಿದರು.

"ನಿನ್ನೆ ಹೊರಟಿದ್ದರು ಸರ್. ನಾನು ತಪ್ಪಿಸಿದೆ" ಎಂದೆ.

ಮಗ ಹನ್ನೊಂದು ದಿನ ತುಮಕೂರಿನ ಆಸ್ಪತ್ರೆಯಲ್ಲಿದ್ದ. ಕಲ್ಲು ತೆಗೆದರು. ಆ ಹನ್ನೊಂದು ದಿನ ನಾನು ಮಾಡಿದ ಕೆಲಸಕ್ಕೆ ತಲೆಬುಡ ಇರಲಿಲ್ಲ. ಶಿರಾಕ್ಕೆ ಹೋಗಿ ರಿಜಿಸ್ಟರು ಮರೆತು ಬಂದೆ. ಪೇಪರು ಬದಲಿಸದೆ ಎಂಟು ಮಾದರಿಗಳಿಗೆ ಬೂಷ್ಟು ಹಿಡಿಸಿದೆ. ಫೋನು ಕೈಯಲ್ಲಿ ಹಿಡಿದೇ ಊಟ ಮಾಡುತ್ತಿದ್ದೆ. ವಾಟರ್‌ಮ್ಯಾನ್ ಒಂದು ದಿನ, "ಹುಡುಗ ಇಡ್ಲಿ ತಿಂದ್ನಂತೆ ಕಣಕ್ಕಾ" ಎಂದಾಗ ರಸ್ತೆಯಲ್ಲೇ ಅತ್ತುಬಿಟ್ಟೆ. ಕಚೇರಿಗೆ ನಡೆದದ್ದೆಲ್ಲ ಬರೆದು ಕೊಟ್ಟೆ. ಬೈಸಿಕೊಂಡೆ. ಅಂತೂ ರಿಜಿಸ್ಟರಿಗೆ ಇನ್ನೊಂದು ತಿಂಗಳು ಗಡುವು ಸಿಕ್ಕಿತು.

ಆ ತಿಂಗಳಲ್ಲಿ ಮಳೆ ಬಂತು. ಮಳೆಯಾಗಿ ಕೆಲವು ದಿನಗಳಿಗೆ ಅಜ್ಜಿಯೇ ಹೇಳಿ ಕಳಿಸಿದಳು, "ಗಿಡ ಎದ್ದವೆ, ಆ ಪಾಪನ್ನ ಬರಾಕೇಳು." ಕಾಲು ಎಳೆದುಕೊಂಡು ಹೋದೆ. ಅವಳಿಗೆ ಎಲ್ಲ ಗೊತ್ತಾಗಿತ್ತು. ಹೊತ್ತು ಆಳೆತ್ತರ ಏರಿದ ಮೇಲೆ ಗುಡ್ಡದ ಇಳಿಜಾರಿಗೆ ಕರೆದೊಯ್ದು, ನನ್ನ ತೋಳು ಹಿಡಿದು, ನೆರಳು ಹಿಂದಕ್ಕೆ ಬೀಳುವ ಹಾಗೆ ಸೂರ್ಯನಿಗೆ ಎದುರಾಗಿ ನಿಲ್ಲಿಸಿದಳು. ಹಾಗೆ ನಿಂತು ನೋಡಿದರೆ ಗಿಡದ ಒಂದೊಂದು ಎಲೆಯೂ, ಕಾಯಿಯೂ ಬೇರೆ ಬೇರೆಯಾಗಿ ಕಾಣುತ್ತವೆ. ಒಂದೊಂದಾಗಿ ಕಿತ್ತು ಬಿಸಿಲಿಗೆ ಹಿಡಿದೆ. ದಂಟು ಕೆಂಪಾದದ್ದನ್ನು ಬಿಸಾಕಿಸಿದಳು. ಹುಳ ತಿಂದದ್ದು, ತುದಿ ಬಾಗಿದ್ದು, ಬೇರಿಗೆ ಬೂಷ್ಟು ಕೂತದ್ದು, ಎಲ್ಲ ಬಿಸಾಕಿಸಿದಳು. ಹತ್ತರಲ್ಲಿ ಎರಡು ಉಳಿದರೆ ಹೆಚ್ಚು.

ಅಂಗಳಕ್ಕೆ ಬಂದು, ಗಿಡ ಕೈಯಲ್ಲಿ ಹಿಡಿದು ಅಜ್ಜಿ ಮಾತಾಡತೊಡಗಿದಳು. ಮದ್ದಿನ ಕ್ರಮ ನಾಲ್ಕು ಸಾಲಿನಲ್ಲಿ ಮುಗಿಯಿತು: ಮೇಕೆ ಹಾಲು, ಗೋಲಿಯಷ್ಟು ಉಂಡೆ, ರಾಗಿ ಅಂಬಲಿಯ ಪಥ್ಯ. ಉಳಿದದ್ದೆಲ್ಲ ಯಾರಿಗೆ ಕೊಡಬಾರದು ಎಂಬುದು. ರಕ್ತ ಬರೋ ಹಂಗೆ ಕೆರ್ಕೊಳ್ಳೋರಿಗೆ ಕೊಡಬಾರದು. ಚಳಿಜ್ವರ ಬಂದವರಿಗೆ ಕೊಡಬಾರದು. ಸುಣ್ಣದ ಬಣ್ಣದಲ್ಲಿ ಹೊರಕಡೆ ಆಗುವವರಿಗೆ, ಬಸುರಿಗೆ, ಕುಡಿದು ಕುಡಿದು ಹೊಟ್ಟೆ ಉಬ್ಬಿದವರಿಗೆ ಕೊಡಬಾರದು. "ಅವ್ರಿಗೆ ಆಸ್ಪತ್ರೆ ದಾರಿ ತೋರುಸ್ಬೇಕು. ಅದೂ ನನ್ ಕೆಲ್ಸಾನೇ" ಎಂದಳು. ಇದನ್ನೆಲ್ಲ ಬರೆಯಲು ರಿಜಿಸ್ಟರಿನಲ್ಲಿ ಕಾಲಂ ಇರಲಿಲ್ಲ. ಸ್ಕೇಲು ಇಟ್ಟು ಗೆರೆ ಎಳೆದು, ಮೇಲೆ 'ಕೊಡಬಾರದವರು' ಎಂದು ಬರೆದೆ. ಪುಟ ತುಂಬಿ ಹಿಂಬದಿಗೂ ಹೋಯಿತು. ಅಂಚಿನಲ್ಲಿ ಗೀಚಿದ್ದ ಪೆನ್ಸಿಲಿನ ಮಾತನ್ನು ರಬ್ಬರಿನಿಂದ ಅಳಿಸಿದೆ; ಗುರುತು ಪೂರ್ತಿ ಹೋಗಲಿಲ್ಲ.

"ಓದು" ಎಂದಳು. ಓದಿದೆ.

"ನಂದು ಆಯ್ತು. ನಿಂದೆಲ್ಲಿ?"

"ನಂದೇನಜ್ಜಿ?"

"ನೀ ಕೊಟ್ಟಿದ್ದು. ನೀನೂ ಮದ್ದು ಕೊಟ್ಟೋಳೆ ತಾನೆ? ಕೊಟ್ಟೋರು ಮುಚ್ಚಿಕ್ಬಾರ್ದು."

ಅದರ ಕೆಳಗೇ ಬರೆದೆ. ತಂತಿಬೇಲಿಯ ಒಳಗಿನ ಗಿಡ, ನೋಡದೆ ಕಿತ್ತದ್ದು. ಕೊಡಬಾರದವರಿಗೆ ಕೊಟ್ಟದ್ದು. ಆಸ್ಪತ್ರೆಗೆ ಹೊರಟವರಿಗೆ ಒಂದು ದಿನ ತಡವಾದದ್ದು. ಕೊಟ್ಟವರು, ನಾನು. ತಿರುಚಿದ ಆ ಮೂರು ಗಿಡಗಳನ್ನೂ ಅದರ ಜೊತೆಗೇ ಅಂಟಿಸುತ್ತೇನೆಂದು ಅಜ್ಜಿಗೆ ಹೇಳಿದೆ. ಅವಳು ತಲೆಯಾಡಿಸಿ, ತನ್ನ ಹೆಬ್ಬೆಟ್ಟನ್ನು ಇಂಕಿಗೆ ಒತ್ತಿ, ನಾನು ತೋರಿಸಿದ ಜಾಗದಲ್ಲಿ ಗಟ್ಟಿಯಾಗಿ ಒತ್ತಿದಳು.

ಅದರ ಪಕ್ಕದಲ್ಲಿ ಸಹಿ ಮಾಡಲು ನಾನು ಪೆನ್ನು ತೆಗೆದೆ. ಅಜ್ಜಿ ಇಂಕ್ ಪ್ಯಾಡನ್ನು ನನ್ನ ಕಡೆಗೆ ಸರಿಸಿದಳು.